ರಾಗಿಯಂಥ ಹುಲ್ಲು ಬೆಳೆಗಳ ಪೂರ್ಣ ಉದ್ದದ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಓದುವ ಕ್ರಮ

ಒಂದು ಬೆಳೆಯ ಜೀನೋಮ್ ಓದಿ ಮುಗಿದ ಮಾತ್ರಕ್ಕೆ ಅದರ ಜೀನ್‌ಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ, ನಡುವೆ ಬಂದು ಸಂದೇಶದಲ್ಲಿ ಉಳಿಯದ ಇಂಟ್ರಾನ್ ಎಂಬ ಭಾಗಗಳು ಎಲ್ಲೆಲ್ಲಿ ಕತ್ತರಿಸಿ ಹೋಗುತ್ತವೆ ಎಂಬುದು ತಿಳಿಯುವುದಿಲ್ಲ. ಜೀನ್‌ನಿಂದ ಜೀವಕೋಶದಲ್ಲಿ ತಯಾರಾದ ಸಂದೇಶವಾಹಕ ಆರ್‌ಎನ್‌ಎಯನ್ನು, ಅಂದರೆ ಟ್ರಾನ್ಸ್‌ಕ್ರಿಪ್ಟನ್ನು, ತಲೆಯಿಂದ ಬಾಲದವರೆಗೆ ಒಂದೇ ಓದಿನಲ್ಲಿ ಓದುವುದೇ ಅದಕ್ಕಿರುವ ನೇರ ದಾರಿ. ಭತ್ತದ ವ್ಯಾಕ್ಸಿ ಜೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಅನ್ನ ಉದುರುದುರಾಗುವುದೋ ಅಂಟಂಟಾಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಅಮೈಲೋಸ್ ಎಂಬ ಪಿಷ್ಟ ಈ ಜೀನ್‌ನ ಕೆಲಸದಿಂದಲೇ ತಯಾರಾಗುತ್ತದೆ. ಜಪೋನಿಕಾ ತಳಿಗಳಲ್ಲಿ ಇದರ ಮೊದಲ ಇಂಟ್ರಾನ್‌ನ ಆರಂಭದಲ್ಲಿ ‘ಜಿಟಿ’ ಇರಬೇಕಾದ ಜಾಗದಲ್ಲಿ ‘ಟಿಟಿ’ ಇರುವುದರಿಂದ ಆ ಇಂಟ್ರಾನ್ ಸರಿಯಾಗಿ ಕತ್ತರಿಸಿ ಹೋಗದೆ ಅಮೈಲೋಸ್ ಕಡಿಮೆಯಾಗುತ್ತದೆ. ಈ ಇಂಟ್ರಾನ್ ಸುಮಾರು 1,100 ಬೇಸ್ (ಅನುಕ್ರಮದ ಅಕ್ಷರ) ಉದ್ದವಿದೆ. 150 ಬೇಸ್‌ಗಳ ತುಣುಕು ಓದುಗಳಿಂದ ಅದರ ಇರವನ್ನು ಊಹಿಸಬಹುದೇ ಹೊರತು, ಇಂಟ್ರಾನ್ ಉಳಿದುಕೊಂಡ ಆ ಪ್ರತಿಯ ಮುಂದಿನ ಭಾಗ ಹೇಗಿದೆ ಎಂದು ಒಂದೇ ಅಣುವಿನಲ್ಲಿ ಕಾಣಲಾಗದು.

ಈ ಕೆಲಸ ಹೊಸದಲ್ಲ. ಜಪಾನಿನ ವಿಜ್ಞಾನಿಗಳು 2003ರಲ್ಲಿ ನಿಪ್ಪೊನ್‌ಬಾರೆ ಭತ್ತದ 28,000ಕ್ಕೂ ಹೆಚ್ಚು ಪೂರ್ಣ ಉದ್ದದ ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಕ್ಲೋನ್‌ಗಳನ್ನು ಪ್ರಕಟಿಸಿದರು. ಅಂದು ಒಂದೊಂದು ಕ್ಲೋನನ್ನೂ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಓದಬೇಕಿತ್ತು. ಇಂದು ಯಂತ್ರವೊಂದು ಅಂಥ ಲಕ್ಷಾಂತರ ಅಣುಗಳನ್ನು ಒಟ್ಟಿಗೆ ಓದುತ್ತದೆ. ಆದರೆ ಅಂದಿನವರು ಆರ್‌ಎನ್‌ಎಯ ತಲೆಯಲ್ಲಿರುವ ‘ಕ್ಯಾಪ್’ ಎಂಬ ರಾಸಾಯನಿಕ ಟೊಪ್ಪಿಗೆಯನ್ನೇ ಹಿಡಿದು ಆರಿಸುತ್ತಿದ್ದರು, ಆ ಶಿಸ್ತು ಈಗ ಸಡಿಲವಾಗಿದೆ. ಅದರ ಪರಿಣಾಮವನ್ನು ಮುಂದೆ ನೋಡೋಣ.

ಮೊದಲು ಅಂಗಾಂಶಗಳ ಆಯ್ಕೆ. ಒಂದೇ ಗರಿಯಿಂದ ಆರ್‌ಎನ್‌ಎ ತೆಗೆದು ಎಷ್ಟು ಆಳವಾಗಿ ಓದಿದರೂ ಬೇರಿನಲ್ಲಷ್ಟೇ ಕೆಲಸ ಮಾಡುವ ಜೀನ್ ಸಿಗುವುದಿಲ್ಲ. 2016ರಲ್ಲಿ ಮುಸುಕಿನ ಜೋಳದ ಬಿ73 ತಳಿಯ ಬೇರು, ಪರಾಗ, ಭ್ರೂಣ, ಎಂಡೋಸ್ಪರ್ಮ್, ಎಳೆಯ ತೆನೆ ಮತ್ತು ಎಳೆಯ ಗಂಡು ಹೂಗೊಂಚಲು ಎಂಬ ಆರು ಅಂಗಾಂಶಗಳಿಂದ 1,11,151 ಟ್ರಾನ್ಸ್‌ಕ್ರಿಪ್ಟ್‌ಗಳು ದೊರೆತವು. ಅವುಗಳಲ್ಲಿ ಶೇ. 57ರಷ್ಟು ಅದುವರೆಗೆ ಗೊತ್ತಿಲ್ಲದ ರೂಪಗಳಾಗಿದ್ದವು, ಆದರೂ ಗುರುತಿಸಲಾಗಿದ್ದ ಜೀನ್‌ಗಳ ಪೈಕಿ ಸಿಕ್ಕಿದ್ದು ಸುಮಾರು ಶೇ. 70. ರಾಗಿಯಲ್ಲಾದರೆ ಬೇರು, ಎಳೆಯ ಗರಿ, ಹೊಡೆಯೊಳಗಿನ ತೆನೆ, ಹೂವಾದ ತೆನೆ, ಹಾಲುಗಾಳು ಇಷ್ಟನ್ನಾದರೂ ತೆಗೆದುಕೊಳ್ಳಬೇಕು. ಜೊತೆಗೆ ನೀರಿಲ್ಲದೆ ಬಾಡಿಸಿದ ಗಿಡದ ಗರಿಯೂ ಬೇರೂ ಇದ್ದರೆ ಒಳ್ಳೆಯದು. ಪ್ರತಿ ಅಂಗಾಂಶಕ್ಕೂ ಬೇರೆ ಬಾರ್‌ಕೋಡ್ (ಗುರುತಿನ ಚಿಕ್ಕ ಡಿಎನ್‌ಎ ತುಣುಕು) ಕೊಡಬೇಕು. ಎಲ್ಲವನ್ನೂ ಮೊದಲೇ ಬೆರೆಸಿಬಿಟ್ಟರೆ ಕಾಳಿನ ಸಂಗ್ರಹ ಪ್ರೋಟೀನ್‌ಗಳ ಮತ್ತು ಗರಿಯ ರುಬಿಸ್ಕೊ ಕಿಣ್ವದ ಆರ್‌ಎನ್‌ಎಗಳೇ ಓದುಗಳ ದೊಡ್ಡ ಪಾಲನ್ನು ನುಂಗಿಹಾಕುತ್ತವೆ, ಯಾವ ಅಂಗಾಂಶ ನುಂಗಿತೆಂದು ಆಮೇಲೆ ತಿಳಿಯುವುದೂ ಇಲ್ಲ.

ಗಿಡದಿಂದ ಕಿತ್ತ ಕೂಡಲೇ ಅಂಗಾಂಶವನ್ನು ದ್ರವ ಸಾರಜನಕದಲ್ಲಿ ಹಾಕಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಪುಡಿ ಮಾಡುವಾಗಲೂ ಕರಗಲು ಬಿಡಬಾರದು. ಹಾಲುಗಾಳಿನಲ್ಲಿ ಪಿಷ್ಟ ಹೆಚ್ಚಿರುವುದರಿಂದ ಸಾಮಾನ್ಯ ಫೀನಾಲ್-ಗ್ವಾನಿಡಿನ್ ದ್ರಾವಣದಲ್ಲಿ ಅದು ಗಂಜಿಯಂತಾಗಿ ಆರ್‌ಎನ್‌ಎ ಕೈಗೆ ಬರುವುದಿಲ್ಲ; ಅಲ್ಲಿ ಸಿಟಿಎಬಿ ವಿಧಾನ ಬಳಸಿ ಲಿಥಿಯಂ ಕ್ಲೋರೈಡ್‌ನಿಂದ ಆರ್‌ಎನ್‌ಎಯನ್ನು ತಳಕ್ಕಿಳಿಸುವುದು ಮೇಲು. ಡಿಎನ್‌ಎಯನ್ನು ಡಿಎನ್‌ಏಸ್ ಕಿಣ್ವದಿಂದ ಪೂರ್ತಿ ತೆಗೆಯಬೇಕು, ಏಕೆಂದರೆ ಅದರ ಚೂರು ಉಳಿದರೂ ಕೊನೆಗೆ ಅದು ಒಂದೇ ಎಕ್ಸಾನ್‌ನ (ಸಂದೇಶದಲ್ಲಿ ಉಳಿಯುವ ಭಾಗ) ‘ಹೊಸ ಜೀನ್’ ವೇಷದಲ್ಲಿ ಬಂದು ಕೂರುತ್ತದೆ. ಆರ್‌ಎನ್‌ಎ ಸಮಗ್ರತೆಯ ಅಂಕ 8ಕ್ಕಿಂತ ಮೇಲಿರಲಿ. ಹಸಿರು ಗರಿಯಲ್ಲಿ ಮಾತ್ರ ಕ್ಲೋರೋಪ್ಲಾಸ್ಟ್‌ನ ರೈಬೋಸೋಮ್ ಆರ್‌ಎನ್‌ಎಯಿಂದಾಗಿ ಅಂಕ ಕಡಿಮೆ ಬರಬಹುದು. ಆದ್ದರಿಂದ ಅಂಕವೊಂದನ್ನೇ ನಂಬದೆ ಗ್ರಾಫ್ ನೋಡಿ ತೀರ್ಮಾನಿಸಬೇಕು.

ಇನ್ನು ಸಿಡಿಎನ್‌ಎ ತಯಾರಿಕೆ. ಇಡೀ ಕೆಲಸದ ಗುಣಮಟ್ಟ ನಿಂತಿರುವುದು ಇಲ್ಲಿಯೇ. ಸಾಮಾನ್ಯ ವಿಧಾನದಲ್ಲಿ ‘ಎ’ಗಳ ಸಾಲಾದ ಪಾಲಿ-ಎ ಬಾಲಕ್ಕೆ ‘ಟಿ’ಗಳ ಚಿಕ್ಕ ಸರವಾದ ಒಲಿಗೊ-ಡಿಟಿ ಪ್ರೈಮರ್ (ಪ್ರತಿ ಶುರುಮಾಡಿಸುವ ತುಣುಕು) ಅಂಟಿಕೊಂಡು, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವ ಬಾಲದಿಂದ ತಲೆಯ ಕಡೆಗೆ ಪ್ರತಿ ಮಾಡುತ್ತ ಬರುತ್ತದೆ. ತುದಿ ಮುಟ್ಟಿದಾಗ ಕಿಣ್ವ ತಾನಾಗಿ ಕೆಲವು ‘ಸಿ’ಗಳನ್ನು ಸೇರಿಸುತ್ತದೆ, ಮೂರು ‘ಜಿ’ಗಳಿಂದ ಕೊನೆಯಾಗುವ ಇನ್ನೊಂದು ಒಲಿಗೊ ಅಲ್ಲಿಗೆ ಅಂಟಿಕೊಂಡು, ಎರಡನೆಯ ಪ್ರೈಮರ್‌ಗೆ ಜಾಗವಾಗುತ್ತದೆ. ಆದರೆ ಕಿಣ್ವಕ್ಕೆ ತುದಿ ಎಂದರೆ ತುದಿ, ಅಷ್ಟೇ. ಅದು ಆರ್‌ಎನ್‌ಎಯ ನಿಜವಾದ ತಲೆಯೋ, ನಡುವೆ ಮುರಿದ ಜಾಗವೋ ಎಂದು ಅದು ಕಟ್ಟುನಿಟ್ಟಾಗಿ ಪರೀಕ್ಷಿಸುವುದಿಲ್ಲ. ಆದ್ದರಿಂದ ಎರಡೂ ಪ್ರೈಮರ್ ಮತ್ತು ಪಾಲಿ-ಎ ಇರುವ ಓದನ್ನು ತಂತ್ರಾಂಶ ‘ಪೂರ್ಣ ಉದ್ದ’ ಎಂದು ಕರೆದಾಗ ಪೂರ್ಣವಾಗಿರುವುದು ಸಿಡಿಎನ್‌ಎ; ಮೂಲ ಆರ್‌ಎನ್‌ಎ ಪೂರ್ಣವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿರುವುದಿಲ್ಲ. ಹುಲ್ಲಿನ ಕುಟುಂಬದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಭತ್ತ, ಜೋಳ, ಗೋಧಿಗಳ ಅನೇಕ ಜೀನ್‌ಗಳಲ್ಲಿ ‘ಜಿ’ ಮತ್ತು ‘ಸಿ’ಗಳು ತಲೆಯ ಕಡೆ ದಟ್ಟವಾಗಿದ್ದು ಬಾಲದ ಕಡೆ ವಿರಳವಾಗುತ್ತವೆ, ತಲೆಯ ಬಳಿ ಆರ್‌ಎನ್‌ಎ ಬಿಗಿಯಾಗಿ ಮಡಚಿಕೊಳ್ಳುವುದರಿಂದ ಕಿಣ್ವ ಅಲ್ಲಿಯೇ ಮುಗ್ಗರಿಸುತ್ತದೆ. ಹೆಚ್ಚು ಉಷ್ಣತೆ ತಾಳುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಜಿಸಿ ಹೆಚ್ಚಿರುವ ಡಿಎನ್‌ಎಯನ್ನೂ ನಕಲಿಸಬಲ್ಲ ಪಾಲಿಮರೇಸ್ ಇಲ್ಲಿ ಅನಿವಾರ್ಯ. ಡಿಎನ್‌ಎಯನ್ನು ನಕಲಿಸಿ ಹೆಚ್ಚಿಸುವ ಪಿಸಿಆರ್ ಸುತ್ತುಗಳನ್ನು ಸಾಧ್ಯವಾದಷ್ಟು ಕಡಿಮೆ ಇಡಬೇಕು, ಇಲ್ಲವಾದರೆ ಗಿಡ್ಡ ಅಣುಗಳು ಉದ್ದ ಅಣುಗಳನ್ನು ಹಿಂದಿಕ್ಕುತ್ತವೆ. ಜೀನ್‌ಗಳ ಆರಂಭ ಬಿಂದುವೇ ಅಧ್ಯಯನದ ವಿಷಯವಾದರೆ ಹಣ ಹೆಚ್ಚಾದರೂ ಕ್ಯಾಪ್ ಹಿಡಿಯುವ ವಿಧಾನವನ್ನೇ ಆರಿಸಬೇಕು.

ಯಂತ್ರದ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಪ್ಯಾಕ್‌ಬಯೋ ವಿಧಾನದಲ್ಲಿ ಒಂದೇ ಅಣುವನ್ನು ಸುತ್ತು ಹಾಕಿ ಹಲವು ಬಾರಿ ಓದಿ ನಿಖರತೆ ಪಡೆಯಲಾಗುತ್ತದೆ. ಅದರ ಕಿನೆಕ್ಸ್ ಕಿಟ್ ಎಂಟು ಸಿಡಿಎನ್‌ಎಗಳನ್ನು ಒಂದರ ಹಿಂದೊಂದು ಜೋಡಿಸಿ ಓದಿಸುವುದರಿಂದ ಓದುಗಳ ಸಂಖ್ಯೆಯೂ ಹೆಚ್ಚುತ್ತದೆ. ಆಕ್ಸ್‌ಫರ್ಡ್ ನ್ಯಾನೊಪೋರ್‌ನಲ್ಲಿ ಆರ್‌ಎನ್‌ಎಯನ್ನೇ ನೇರವಾಗಿ ಓದಬಹುದು, ಬಾಲದ ಉದ್ದವೂ ಗೊತ್ತಾಗುತ್ತದೆ. ಆದರೆ ಓದು ಬಾಲದಿಂದ ಶುರುವಾಗುವುದರಿಂದ ತಲೆ ತಪ್ಪಿಹೋಗುವ ಸಂಭವ ಹೆಚ್ಚು. 2024ರಲ್ಲಿ ಪ್ರಕಟವಾದ ಎಲ್‌ಆರ್‌ಜಿಎಎಸ್‌ಪಿ ತುಲನಾ ಅಧ್ಯಯನದ ಪ್ರಕಾರ, ಟ್ರಾನ್ಸ್‌ಕ್ರಿಪ್ಟ್‌ನ ರಚನೆ ಸರಿಯಾಗಿ ಸಿಗಲು ಓದುಗಳು ಉದ್ದವಾಗಿ ನಿಖರವಾಗಿರುವುದು ಮುಖ್ಯ, ಪ್ರಮಾಣ ಅಳೆಯಲು ಓದುಗಳ ಸಂಖ್ಯೆ ಮುಖ್ಯ.

ವಿಶ್ಲೇಷಣೆಯಲ್ಲಿ ಮೊದಲು ಜೋಡಿಸಿದ ಓದುಗಳನ್ನು ಸ್ಕೆರಾ ತಂತ್ರಾಂಶದಿಂದ ಬಿಡಿಸಿ, ಲಿಮಾದಿಂದ ಪ್ರೈಮರ್‌ಗಳನ್ನು ತೆಗೆದು, ಐಸೊಸೀಕ್ ರಿಫೈನ್‌ನಿಂದ ಪಾಲಿ-ಎ ಬಾಲ ಕತ್ತರಿಸಬೇಕು. ಬಳಿಕ ಓದುಗಳನ್ನು ಗುಂಪು ಮಾಡುವುದು ವಾಡಿಕೆಯಾದರೂ, ರಾಗಿ ಮತ್ತು ಗೋಧಿಯಂಥ ಬಹುಗುಣಿತ (ಎರಡಕ್ಕಿಂತ ಹೆಚ್ಚು ಕ್ರೋಮೋಸೋಮ್ ಕಟ್ಟುಗಳಿರುವ) ಬೆಳೆಗಳಲ್ಲಿ ಜೀನೋಮ್ ಲಭ್ಯವಿದ್ದರೆ ಒಂದೊಂದು ಓದನ್ನೂ ನೇರವಾಗಿ ಅದರ ಮೇಲೆ ಹೊಂದಿಸುವುದು ಸುರಕ್ಷಿತ. ರಾಗಿಯಲ್ಲಿ ‘ಎ’ ಮತ್ತು ‘ಬಿ’ ಎಂಬ ಎರಡು ಉಪ-ಜೀನೋಮ್‌ಗಳು ಸೇರಿ 36 ಕ್ರೋಮೋಸೋಮ್‌ಗಳಿವೆ. ಈ ಎರಡರಲ್ಲಿರುವ ಒಂದೇ ಜೀನ್‌ನ ಪ್ರತಿಗಳು ಬಹುತೇಕ ಒಂದೇ ತೆರನಾಗಿರುತ್ತವೆ. ಅವುಗಳ ನಡುವೆ ಶೇ. 3ರಷ್ಟೇ ವ್ಯತ್ಯಾಸವಿದೆ ಎಂದುಕೊಂಡರೂ 1,500 ಬೇಸ್‌ಗಳ ಓದಿನಲ್ಲಿ ಸುಮಾರು 45 ಗುರುತುಗಳು ಸಿಗುತ್ತವೆ, 150 ಬೇಸ್‌ಗಳ ತುಣುಕಿನಲ್ಲಿ ನಾಲ್ಕೈದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2017ರಲ್ಲಿ ಎಂಎಲ್-365 ತಳಿಯ ಜೀನೋಮ್ ಕರಡನ್ನು ಪ್ರಕಟಿಸಿದ್ದಾರೆ; ಓದುಗಳನ್ನು ಹೊಂದಿಸಲು ಕ್ರೋಮೋಸೋಮ್ ಮಟ್ಟದ ಜೋಡಣೆಯನ್ನು ಬಳಸಿದರೆ ಎರಡು ಪ್ರತಿಗಳನ್ನು ಬೇರ್ಪಡಿಸುವುದು ಸುಲಭ. ಹೊಂದಿಸಲು ಮಿನಿಮ್ಯಾಪ್2 ತಂತ್ರಾಂಶ ಬಳಸುವಾಗ ಇಂಟ್ರಾನ್‌ನ ಗರಿಷ್ಠ ಉದ್ದವನ್ನು ಆಯಾ ಬೆಳೆಗೆ ತಕ್ಕಂತೆ ತಗ್ಗಿಸಬೇಕು. ಅದು ತಾನಾಗಿ ಒಪ್ಪುವ ಎರಡು ಲಕ್ಷ ಬೇಸ್‌ಗಳನ್ನು ಹಾಗೆಯೇ ಬಿಟ್ಟರೆ ಪಕ್ಕಪಕ್ಕದ ಸೋದರ ಜೀನ್‌ಗಳು ಬೆಸೆದುಕೊಂಡು ಒಂದಾಗಿ ಕಾಣುತ್ತವೆ.

ಹೀಗೆ ಬಂದ ಪಟ್ಟಿಯನ್ನು ಗುಣಮಟ್ಟ ಪರೀಕ್ಷಿಸುವ ಸ್ಕ್ವಾಂಟಿ3 ತಂತ್ರಾಂಶಕ್ಕೆ ಕೊಟ್ಟು ಕಠಿಣವಾಗಿ ಜರಡಿ ಹಿಡಿಯಬೇಕು. ಟ್ರಾನ್ಸ್‌ಕ್ರಿಪ್ಟ್ ಮುಗಿದ ಜಾಗದಿಂದ ಜೀನೋಮ್‌ನ ಮುಂದಿನ 20 ಬೇಸ್‌ಗಳಲ್ಲಿ 12ಕ್ಕಿಂತ ಹೆಚ್ಚು ‘ಎ’ ಇದ್ದರೆ, ಪ್ರೈಮರ್ ನಿಜವಾದ ಬಾಲಕ್ಕಲ್ಲ, ನಡುವಿನ ‘ಎ’ಗಳ ಸಾಲಿಗೆ ಅಂಟಿತ್ತೆಂದು ಅನುಮಾನಿಸಬೇಕು. ಗೊತ್ತಿರುವ ಟ್ರಾನ್ಸ್‌ಕ್ರಿಪ್ಟ್‌ಗೆ ಹೊಂದಿಕೊಂಡು ತಲೆಯ ಕಡೆಯ ಎಕ್ಸಾನ್‌ಗಳಷ್ಟೇ ಇಲ್ಲದಿರುವುದನ್ನು, ಕ್ಯಾಪ್ ಹಿಡಿಯದ ಪ್ರಯೋಗದಲ್ಲಿ, ಉದ್ದನೆಯ ರೂಪದೊಳಗೆ ಸೇರಿಸಿಬಿಡುವುದು ಉತ್ತಮ. ಜೀನೋಮ್ ಬ್ರೌಸರ್‌ನಲ್ಲಿ ತೆರೆದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ: ನಿಜವಾದ ಆರಂಭ ಬಿಂದುವಿನಲ್ಲಿ ಹತ್ತಾರು ಓದುಗಳು ಕೆಲವೇ ಬೇಸ್‌ಗಳ ಅಂತರದಲ್ಲಿ ಒತ್ತಾಗಿ ಶುರುವಾಗುತ್ತವೆ, ಮುರಿದ ಆರ್‌ಎನ್‌ಎಯಾದರೆ ಒಂದೊಂದು ಒಂದೊಂದು ಕಡೆ. ಹೊಸ ಕತ್ತರಿ ಜಾಗಗಳನ್ನು ಒಪ್ಪಲು ಅದೇ ಅಂಗಾಂಶದ ಇಲ್ಯುಮಿನಾ ಯಂತ್ರದ ತುಣುಕು ಓದುಗಳ ಬೆಂಬಲವನ್ನು ಕೇಳಬೇಕು. ಲಕ್ಷ ಟ್ರಾನ್ಸ್‌ಕ್ರಿಪ್ಟ್‌ಗಳ ವರದಿ ಕಂಡಾಗ ಅವುಗಳಲ್ಲಿ ಎಷ್ಟಕ್ಕೆ ತಲೆಯಿದೆ ಎಂದು ಕೇಳುವ ಅಭ್ಯಾಸ ವಿಮರ್ಶಕರಿಗೂ ಇರುವುದು ಒಳ್ಳೆಯದು.

ಹುಲ್ಲಿನಾಚೆಗಿನ ಜೀವಿಗಳಲ್ಲಿ ಕ್ರಮ ಇದೇ ಆದರೂ ಅಪವಾದಗಳಿವೆ. ಬ್ಯಾಕ್ಟೀರಿಯಾದ ಆರ್‌ಎನ್‌ಎಗೆ ಸ್ಥಿರವಾದ ಉದ್ದನೆಯ ಪಾಲಿ-ಎ ಬಾಲ ಇಲ್ಲದ ಕಾರಣ ಮೊದಲು ಕಿಣ್ವದಿಂದ ಬಾಲ ಸೇರಿಸಬೇಕು. ದುಂಡುಹುಳುಗಳಲ್ಲಿ ಅನೇಕ ಆರ್‌ಎನ್‌ಎಗಳ ತಲೆಗೆ 22 ಬೇಸ್‌ಗಳ ಒಂದು ಸಾಮಾನ್ಯ ಮುಂದಲೆ ಸೇರಿರುತ್ತದೆ; ಅಲ್ಲಿ ಅದೇ ಪೂರ್ಣ ಉದ್ದಕ್ಕೆ ಪುರಾವೆಯಾಗುತ್ತದೆ.

ಸಾರ್ವಜನಿಕ ಸಂಗ್ರಹಕ್ಕೆ ಕೊಡುವಾಗ ಜರಡಿ ಹಿಡಿದ ಪಟ್ಟಿಯ ಜೊತೆಗೆ ಮೂಲ ಓದುಗಳನ್ನೂ ಅಂಗಾಂಶವಾರು ಬೇರೆಬೇರೆಯಾಗಿ ಕೊಡಬೇಕು. ಭಾರತದಲ್ಲಿ ಫರೀದಾಬಾದಿನ ಇಂಡಿಯನ್ ಬಯಾಲಜಿಕಲ್ ಡೇಟಾ ಸೆಂಟರ್ ಇದಕ್ಕೆಂದೇ ಇದೆ. ತಳಿಯ ಹೆಸರು, ಗಿಡದ ವಯಸ್ಸು, ಮಾದರಿ ತೆಗೆದ ಹೊತ್ತು, ಪ್ರೈಮರ್‌ಗಳ ಅನುಕ್ರಮ, ತಂತ್ರಾಂಶಗಳ ಆವೃತ್ತಿ ಮತ್ತು ಜರಡಿಯ ಮಿತಿಗಳು ಆ ದಾಖಲೆಯಲ್ಲಿಯೇ ಇರಬೇಕು.