ಬಣ್ಣ ಎದ್ದಿದ್ದು ಒಳಗಿನಿಂದ

"ಗ್ಲೋ ಎಂಜಿನ್ ವಿಮಾನಕ್ಕೆ ಪೇಂಟ್ ನಿಲ್ಲಲ್ಲ ಸಾರ್, ಸುಮ್ನೆ ಫಿಲಂ ಇಸ್ತ್ರಿ ಮಾಡಿ ಅಂಟಿಸಿ." ರಿಮೋಟ್ ಹಿಡಿದು ಪುಟ್ಟ ಮಾದರಿ ವಿಮಾನ ಹಾರಿಸುವ ನಮ್ಮ ಮೈದಾನದಲ್ಲಿ ಎಲ್ಲರದೂ ಇದೇ ಮಾತು. ಗ್ಲೋ ಎಂಜಿನ್ ಅಂದರೆ ಮೆಥನಾಲ್ ಮತ್ತು ಎಣ್ಣೆ ಬೆರೆಸಿದ ಇಂಧನದಲ್ಲಿ ಓಡುವ ಪುಟ್ಟ ಎಂಜಿನ್, ಸುಡದ ಎಣ್ಣೆಯನ್ನು ಹೊಗೆಯ ಜೊತೆ ವಿಮಾನದ ಮೈಮೇಲೆ ಉಗುಳುತ್ತದೆ. ಫಿಲಂ ಅಂದರೆ ಬಿಸಿಗೆ ಅಂಟುವ ಪ್ಲಾಸ್ಟಿಕ್ ಹೊದಿಕೆ. ಒಬ್ಬರಂತೂ ನನ್ನನ್ನು ಕಂಡಾಗಲೆಲ್ಲ "ಬಣ್ಣ ಇನ್ನೂ ಇದೆಯಾ?" ಎಂದು ನಗುತ್ತಿದ್ದರು. ಈಗ ಕೇಳುವುದಿಲ್ಲ. ನನ್ನ ಕೆಂಪು-ಬಿಳಿ ಲೋ ವಿಂಗ್ (ರೆಕ್ಕೆ ಕೆಳಗಿರುವ) ವಿಮಾನ, 46 ಸೈಜಿನ (0.46 ಘನ ಇಂಚು) ಎಂಜಿನಿನದು, ಎರಡು ವರ್ಷದಲ್ಲಿ ಹತ್ತಿರ ಹತ್ತಿರ 120 ಸಲ ಹಾರಿದೆ. ಸುಮಾರು 30 ಲೀಟರ್ ಇಂಧನ ಕುಡಿದಿರಬೇಕು. ಅದರ ಎಣ್ಣೆಯಲ್ಲಿ ಬಹುಪಾಲು ಹೊಟ್ಟೆಯ ಮೇಲೇ ಸುರಿದಿದೆ. ಒರೆಸಿದರೆ ಇವತ್ತಿಗೂ ಮುಖ ಕಾಣುತ್ತದೆ.

ಈ ಹಂತಕ್ಕೆ ಬರುವ ಮೊದಲು ಆರೇಳು ಸಾವಿರ ರೂಪಾಯಿ ಬಣ್ಣಕ್ಕೇ ಹೋಯಿತು. ಅಷ್ಟರಲ್ಲಿ ನಾಲ್ಕು ರೋಲ್ ಫಿಲಂ ಬರುತ್ತಿತ್ತು, ಗೊತ್ತು.

ಮೊದಲು ಹಚ್ಚಿದ್ದು ಕಿಟಕಿ-ಬಾಗಿಲಿಗೆ ಬಳಿಯುವ ಎನಾಮೆಲ್. ಬೇಸಿಗೆಯಲ್ಲಿ ಒಂದು ತಿಂಗಳು ಒಣಗಿಸಿದೆ. ಬರೀ ಮೆಥನಾಲ್ ಮತ್ತು ಹರಳೆಣ್ಣೆ ಇದ್ದಾಗ ಮೂರ್ನಾಲ್ಕು ಭಾನುವಾರ ಚೆನ್ನಾಗಿಯೇ ಇತ್ತು. ನೈಟ್ರೋ (ನೈಟ್ರೋಮೀಥೇನ್) 10 ಶೇಕಡಾ ಇರುವ ಇಂಧನದ ಡಬ್ಬಿ ಬಂತು ನೋಡಿ, ಮಫ್ಲರ್ ಹಿಂದಿನ ಬಣ್ಣ ಬಬಲ್ ಗಮ್ ಆಯಿತು. ನನ್ನ ಹೆಬ್ಬೆರಳಿನ ಗುರುತು ಅದರಲ್ಲಿ ಅಚ್ಚಾಯಿತು. ಆಮೇಲೆ ಕಾರಿಗೆ ಹೊಡೆಯುವ ಎನ್‌ಸಿ ಲ್ಯಾಕರ್. ಅರ್ಧ ಗಂಟೆಯಲ್ಲಿ ಒಣಗುತ್ತದೆ, ಹೊಳಪೂ ಸೊಗಸು. ಮೊದಲ ಹಾರಾಟ ಮುಗಿಸಿ ಒರೆಸಿದರೆ ಬಟ್ಟೆಯೆಲ್ಲ ಕೆಂಪು.

ಮೂರನೆಯದನ್ನು ಹೇಳಲು ನಾಚಿಕೆ. ಚನ್ನಪಟ್ಟಣದ ಬೊಂಬೆಗಳ ಮೇಲಿನ ಅರಗು ಎಷ್ಟು ವರ್ಷವಾದರೂ ಮಾಸುವುದಿಲ್ಲ, ಅಲ್ವಾ? ವಿಮಾನ ಕಟ್ಟುವ ಹಗುರ ಮರ ಬಾಲ್ಸಾ ಮೇಲೆ ಅದೇ ಹಾಕಿದರೆ ಹೇಗೆ ಎಂದುಕೊಂಡೆ. ಪಾಲಿಷ್ ಮಾಡುವವರು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಮೆಥನಾಲ್ ಅದರ ಅಣ್ಣ. ನಾಲ್ಕು ಹನಿ ಬಿದ್ದ ಕೂಡಲೇ ಜಾರಿ ಇಳಿಯಿತು. ಬಡಗಿ ಕೆಲಸ ನೋಡುತ್ತಾ ಬೆಳೆದವನು ನಾನು, ಇಷ್ಟು ಹೊಳೆಯಲಿಲ್ಲ.

ಆಗ ಬುದ್ಧಿ ಬಂತು. ವಿಮಾನಕ್ಕೆ ಹಚ್ಚಿ ನೋಡುವುದನ್ನು ಬಿಟ್ಟೆ. ಬಾಲ್ಸಾ ಪಟ್ಟಿಗಳನ್ನು ಗೇಣುದ್ದ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಬಣ್ಣ ಹಚ್ಚಿ, ಇಂಧನದಲ್ಲಿ ನೆನೆಸಿದ ಹತ್ತಿ ಇಟ್ಟು ಮೇಲೆ ಬಾಟಲಿ ಮುಚ್ಚಳ ಕವುಚಿದೆ. ರಾತ್ರಿಯಿಡೀ ಹಾಗೇ. ಬೆಳಿಗ್ಗೆ ಉಗುರಿನಿಂದ ಕೆರೆಯುವುದು. ಹದಿನಾಲ್ಕೋ ಹದಿನೈದೋ ಪಟ್ಟಿಗಳಲ್ಲಿ ಉಗುರಿಗೆ ಬಗ್ಗದೆ ಉಳಿದವು ಎರಡೇ: ಎಪಾಕ್ಸಿ ರೆಸಿನ್, ಮತ್ತು ಗಟ್ಟಿ ಮಾಡುವ ಹಾರ್ಡನರ್ ಬೇರೆ ಡಬ್ಬಿಯಲ್ಲಿ ಬರುವ ಕಾರಿನ 2ಕೆ ಪಿಯು (ಪಾಲಿಯುರೆಥೇನ್) ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಮೇಲ್ಪದರ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ, ಹಾಗಾಗಿ ಅದು ಕೆಳಗೆ, ಪಿಯು ಮೇಲೆ.

ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯ ಒಂದು ಅಂಗಡಿಯಲ್ಲಿ ಕ್ಲಿಯರ್, ಹಾರ್ಡನರ್, ತಿನ್ನರ್ ಸೇರಿ ಸಾವಿರದ ಮುನ್ನೂರೋ ಏನೋ ಕೊಟ್ಟೆ. ಮೊದಲ ಸಲ ಹಾರ್ಡನರ್ ಅನ್ನು ಕಣ್ಣಳತೆಯಲ್ಲಿ ಸುರಿದೆ. ವಾರವಾದರೂ ಅಂಟು ಅಂಟು. ಎರಡನೇ ಸಲ ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆದೆ, ಆದರೆ ಜೂನ್ ಮಳೆಯಲ್ಲಿ ಹೊಡೆದೆ. ಸಣ್ಣ ಗುಳ್ಳೆಗಳೆದ್ದವು. ಉಳಿದ ಹಾರ್ಡನರ್ ಡಬ್ಬಿ ತೇವ ಹೀರಿ ಬೆಲ್ಲದ ಪಾಕದಂತೆ ಗಟ್ಟಿಯಾಯಿತು. ಅದರಲ್ಲೇ ನಾನೂರು ರೂಪಾಯಿ ಹೋಯಿತು. ಮೂರನೇ ಸಲ ಮೀನಿನ ಕಣ್ಣಿನಂಥ ತೂತುಗಳು. ಕಾರಣ ಹುಡುಕಲು ಎರಡು ದಿನ ಹಿಡಿಯಿತು: ಅದೇ ಶೆಡ್ಡಿನಲ್ಲಿ ಮಗ ಬೈಕಿಗೆ ಸಿಲಿಕೋನ್ ಪಾಲಿಷ್ ಸ್ಪ್ರೇ ಹೊಡೆದಿದ್ದ.

ಒಂದು ಮಾತು. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ, ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ. ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡಿ ನಾನು ಹದಿನೈದು ದಿನ ಕೆಮ್ಮಿದೆ. ಈಗ ಕಾರ್ಟ್ರಿಡ್ಜ್ ಮಾಸ್ಕ್, ಕೈಗವಸು, ಬಯಲು ಗಾಳಿ ಇಲ್ಲದೆ ಗನ್ ಮುಟ್ಟುವುದಿಲ್ಲ. ಚಿಕ್ಕ ಭಾಗವಾದರೆ ಸ್ಪಂಜಿನ ರೋಲರ್ ಸಾಕು.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತು ಎಂದುಕೊಂಡೆ. ಪಟ್ಟಿಯ ಪರೀಕ್ಷೆ ಪಾಸು, ವಿಮಾನ ಕನ್ನಡಿ. ಹದಿನೆಂಟನೇ ಹಾರಾಟಕ್ಕೆ ಮೂಗಿನ ಹತ್ತಿರ ಬೊಬ್ಬೆ. ಕಂಡಾಗಲೆಲ್ಲ ನಗುತ್ತಿದ್ದ ಆ ಮಹಾಶಯರು ಅಂದು ಮೈದಾನದಲ್ಲೇ ಇದ್ದರು, ಕೇಳಬೇಕೇ!

ಸಿಟ್ಟಿನಲ್ಲಿ ಬ್ಲೇಡು ಹಾಕಿ ಬೊಬ್ಬೆ ಸೀಳಿದೆ. ಮೇಲಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಕೆಳಗಿನ ಮರ ಎಣ್ಣೆ ಕುಡಿದು ಕಪ್ಪಾಗಿತ್ತು. ಎಂಜಿನ್ ಮೌಂಟಿನ ಬೋಲ್ಟ್ ತೂತು, ಫೈರ್‌ವಾಲ್ (ಎಂಜಿನ್ ಕೂರಿಸುವ ಮುಂದಿನ ಹಲಗೆ) ಸಂದು, ಟ್ಯಾಂಕ್ ಕೂರುವ ಗೂಡು, ಎಲ್ಲ ಕಡೆಯಿಂದ ಇಂಧನ ಒಳಗೆ ಇಳಿದು, ಮರದೊಳಗೇ ಹರಿದು ಬಂದು, ಬಣ್ಣವನ್ನು ಹಿಂದಿನಿಂದ ತಳ್ಳಿತ್ತು. ಇಷ್ಟು ದಿನ ನಾನು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟಿದ್ದೆ.

ಹೊಸ ಫ್ಯೂಸಲೇಜ್, ಅಂದರೆ ವಿಮಾನದ ಒಡಲು, ಕಟ್ಟಿದೆ. ಈ ಸಲ ಬಣ್ಣದ ಮಾತಿಗೆ ಮೊದಲು ಒಳಗಿನ ಕೆಲಸ. ಟ್ಯಾಂಕ್ ಗೂಡಿಗೂ ಫೈರ್‌ವಾಲಿನ ಎರಡೂ ಮುಖಕ್ಕೂ ತೆಳು ಎಪಾಕ್ಸಿ ಎರಡು ಸಲ. ಬೋಲ್ಟ್ ತೂತುಗಳನ್ನು ಸ್ವಲ್ಪ ದೊಡ್ಡದು ಕೊರೆದು, ಎಪಾಕ್ಸಿ ತುಂಬಿ, ಮತ್ತೆ ಅಳತೆಗೆ ಕೊರೆದೆ. ರೆಕ್ಕೆ ಕೂರುವ ಅಂಚು, ಪುಶ್‌ರಾಡ್ ತೂತು ಯಾವುದನ್ನೂ ಬಿಡಲಿಲ್ಲ. ಹೊರಗೆ ಚದರ ಮೀಟರಿಗೆ 25 ಗ್ರಾಂ ತೂಗುವ ಗ್ಲಾಸ್ (ಗಾಜಿನ ನೂಲಿನ) ಬಟ್ಟೆ, ಲ್ಯಾಮಿನೇಟಿಂಗ್ ರೆಸಿನ್. ಹಳೆಯ ಎಟಿಎಂ ಕಾರ್ಡಿನಿಂದ ರೆಸಿನ್ ಬಳಿದು ತೆಗೆಯಿರಿ. ಬಟ್ಟೆ ಹೊಳೆಯುತ್ತಿದ್ದರೆ ರೆಸಿನ್ ಜಾಸ್ತಿಯಾಗಿದೆ ಎಂದೇ ಅರ್ಥ.

ನಡುವೆ ಒಂದು ಹುಚ್ಚು. ಗ್ಲಾಸ್ ಬಟ್ಟೆಗೆ ದುಡ್ಡು ಯಾಕೆ ಎಂದು ಹೆಂಡತಿಯ ಹರಿದ ರೇಷ್ಮೆ ಸೀರೆಯ ತುಂಡನ್ನು ಹಳೆಯ ರೆಕ್ಕೆಗೆ ಹಾಕಿದೆ. ಜರಿ ಅಂಚು ಬಹಳ ಚೆನ್ನಾಗಿ ಕಂಡಿತು. ರೆಸಿನ್ ಕುಡಿದು ರೆಕ್ಕೆ 140 ಗ್ರಾಂ ಭಾರವಾಯಿತು, ಲ್ಯಾಂಡಿಂಗ್‌ನಲ್ಲಿ ಇಟ್ಟಿಗೆಯಂತೆ ಇಳಿಯಿತು. ಸೀರೆ ಹರಿದಿರಲಿಲ್ಲವಂತೆ, ಆ ಕಥೆ ಬೇರೆ.

ಮೇಲೆ 2ಕೆ ಪ್ರೈಮರ್. ಹಚ್ಚಿದ್ದರಲ್ಲಿ ಮುಕ್ಕಾಲು ಪಾಲನ್ನು 400ರ ವಾಟರ್ ಪೇಪರಿನಲ್ಲಿ ಉಜ್ಜಿ ತೆಗೆದೆ, ನೂಲಿನ ಗುಳಿಗಳಲ್ಲಿ ಮಾತ್ರ ಅದು ಉಳಿಯಬೇಕು. ಬಣ್ಣ ತೆಳುವಾಗಿ ಎರಡು ಕೈ, ಕ್ಲಿಯರ್ ಎರಡು ಕೈ. ಫ್ಯೂಸಲೇಜ್ 410 ಗ್ರಾಂ ಇದ್ದದ್ದು 500ರ ಆಸುಪಾಸು ಬಂತು. ಕೆಂಪು-ಬಿಳಿ ಸೇರುವ ಗೆರೆ ಮೆಟ್ಟಿಲಿಲ್ಲದೆ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ. ಮಾಸ್ಕಿಂಗ್ ಟೇಪು ಹಾಕಿದ ಮೇಲೆ ಒಂದು ಸಣ್ಣ ಕೆಲಸವಿದೆ, ಮನೆಗೆ ಬಂದರೆ ಕಾಫಿ ಜೊತೆ ತೋರಿಸುತ್ತೇನೆ. ಕ್ಲಿಯರ್ ಹೊಡೆದ ಮೇಲೆ ಹತ್ತು ದಿನ ಮುಟ್ಟಬೇಡಿ. ಮರುದಿನವೇ ಗಟ್ಟಿ ಅನ್ನಿಸುತ್ತದೆ, ನಂಬಬೇಡಿ.

ಹೋದ ತಿಂಗಳು ಆ ಮಹಾಶಯರು ತಮ್ಮ ಹಳೆಯ ಟ್ರೈನರ್ (ಕಲಿಯುವವರ ವಿಮಾನ) ಹಿಡಿದು ಮನೆಗೇ ಬಂದರು. ಫಿಲಂ ಅಂಚಿನಲ್ಲಿ ಎದ್ದು ಮೂಗೆಲ್ಲ ಎಣ್ಣೆ ಕುಡಿದಿದೆ. ಎಣ್ಣೆ ಹೋಗದೆ ಎಪಾಕ್ಸಿ ಹಿಡಿಯಲ್ಲ. ಟಾಲ್ಕಂ ಪೌಡರ್ ದಪ್ಪಗೆ ಮೆತ್ತಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ, ಉದುರಿಸಿ, ಮತ್ತೆ ಮೆತ್ತುತ್ತಿದ್ದೇನೆ. ಐದನೇ ಸಲಕ್ಕೂ ಪೌಡರ್ ಹಳದಿಯಾಗಿಯೇ ಉದುರುತ್ತಿದೆ.