ಗೌಜಲಕ್ಕಿಯೋ ಲಾವಕ್ಕಿಯೋ? ಗುರುತು ಹಿಡಿಯುವುದು ಹೀಗೆ

ಹುಲ್ಲಿನ ಮಧ್ಯೆ ಕಂದು ಬಣ್ಣದ ಹಕ್ಕಿಯೊಂದು ಸರಕ್ಕನೆ ಮರೆಯಾದರೆ ಮೊದಲು ಗಾತ್ರ ನೋಡಿ. ಬೂದು ಗೌಜಲಕ್ಕಿ ಸುಮಾರು 30 ಸೆಂ.ಮೀ., ಸಣ್ಣ ಕೋಳಿಯ ಹಾಗೆ. ಲಾವಕ್ಕಿ 20 ಸೆಂ.ಮೀ. ದಾಟುವುದೇ ಅಪರೂಪ, ಗುಂಡಗೆ ಮುಷ್ಟಿಯಷ್ಟು.

ಆದರೆ ದೂರದಿಂದ ಗಾತ್ರ ಮೋಸ ಮಾಡುತ್ತದೆ, ಅಲ್ವಾ? ನಾನು ಜಾಸ್ತಿ ನಂಬುವುದು ನಡವಳಿಕೆಯನ್ನೇ. ಗೌಜಲಕ್ಕಿ ಅಪಾಯ ಕಂಡರೆ ಮೊದಲು ಓಡುತ್ತದೆ, ಪೊದೆಯಿಂದ ಪೊದೆಗೆ. ತೀರಾ ಹತ್ತಿರ ಹೋದರೆ ಮಾತ್ರ ಬುರ್ರೆಂದು ಹಾರುತ್ತದೆ, ಆಗ ಬಾಲದ ಇಟ್ಟಿಗೆ ಕೆಂಪು ಎದ್ದು ಕಾಣುತ್ತದೆ. ಲಾವಕ್ಕಿ ಸುಮ್ನೆ ಅಡಗಿ ಕೂರುತ್ತದೆ, ಇನ್ನೇನು ತುಳಿದೇ ಬಿಡುತ್ತೀರಿ ಅನ್ನುವಾಗ ಕಾಲ ಬುಡದಿಂದಲೇ ಎದ್ದು, ತಗ್ಗಿನಲ್ಲಿ ಸ್ವಲ್ಪ ದೂರ ಹಾರಿ ಮತ್ತೆ ಹುಲ್ಲಿಗೆ ಇಳಿಯುತ್ತದೆ. ಮರದ ಮೇಲೆ ಕೂತಿದ್ದರೆ ಅದು ಲಾವಕ್ಕಿ ಅಲ್ಲ. ರಾತ್ರಿ ಮುಳ್ಳುಮರ ಏರಿ ಮಲಗುವುದು ಗೌಜಲು.

ಮೈ ಗುರುತು ಬೇಕಾದರೆ, ಗೌಜಲಿನ ಎದೆಗೆ ಸಣ್ಣ ಅಡ್ಡಪಟ್ಟೆ, ಲಾವಕ್ಕಿಯ ಬೆನ್ನಿಗೆ ಉದ್ದುದ್ದ ತಿಳಿ ಗೀರು.

ಕಣ್ಣಿಗೆ ಸಿಗಲಿಲ್ಲವೇ? ಕಿವಿ ಕೊಡಿ. ಗೌಜಲು ‘ಕತೀತರ್, ಕತೀತರ್’ ಅಂತ ಜೋರಾಗಿ ಕೂಗುತ್ತದೆ. ಲಾವಕ್ಕಿಯದು ನೀರು ತೊಟ್ಟಿಕ್ಕಿದ ಹಾಗೆ ಮೂರು ತುಣುಕಿನ ಸಿಳ್ಳೆ. ಒಮ್ಮೆ ಎದ್ದ ಹಕ್ಕಿಯನ್ನು ಮತ್ತೆ ಎಬ್ಬಿಸಬೇಡಿ, ಹತ್ತಿರದ ನೆಲದಲ್ಲೇ ಮೊಟ್ಟೆಗಳಿರಬಹುದು.