ಹಳೆಯ ಎಣ್ಣೆ ಬಾವಿಯಲ್ಲಿ ಇನ್ನೆಷ್ಟು ಉಳಿದಿದೆ? ಲೆಕ್ಕ ಹಾಕುವ ಬಗೆ

ಕೋಲಾರದವರಿಗೆ ಈ ಲೆಕ್ಕದ ತಿರುಳು ಹೊಸದಲ್ಲ. 2001ರ ಫೆಬ್ರುವರಿ 28ರಂದು ಕೆಜಿಎಫ್ ಗಣಿ ಮುಚ್ಚಿದಾಗ ಕೆಳಗೆ ಚಿನ್ನ ಮುಗಿದಿರಲಿಲ್ಲ, ಅದಿರು ಎತ್ತುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಅಸ್ಸಾಮಿನ ದಿಗ್ಬೋಯಿ, ಗುಜರಾತಿನ ಅಂಕಲೇಶ್ವರದಂಥ ಹಳೆಯ ತೈಲ ಕ್ಷೇತ್ರಗಳಲ್ಲೂ ಅಷ್ಟೆ. ಉಳಿದ ನಿಕ್ಷೇಪವೆಂದರೆ ನೆಲದೊಳಗಿರುವುದೆಲ್ಲ ಅಲ್ಲ, ನಷ್ಟವಿಲ್ಲದೆ ಮೇಲೆ ಬರುವಷ್ಟು ಮಾತ್ರ.

ಮೊದಲು ತಿಂಗಳ ಉತ್ಪಾದನೆಯನ್ನು ಬಾವಿ ನಿಜವಾಗಿ ನಡೆದ ದಿನಗಳಿಂದ ಭಾಗಿಸಿ. ಪಂಪು ಹತ್ತು ದಿನ ಕೆಟ್ಟು ನಿಂತಿದ್ದರೆ, ಭಾಗಿಸದ ಅಂಕಿ ಬಾವಿಯೇ ಬತ್ತಿದಂತೆ ತೋರಿಸುತ್ತದೆ.

ಆಮೇಲೆ ನೀರು ಬೇರ್ಪಡಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಗೆರೆ ಹಾಕಿದ ಗಾಜಿನ ನಳಿಗೆಯಲ್ಲಿ 100 ಮಿಲಿಲೀಟರ್ ಮಾದರಿ ಹಿಡಿದು, ಬಿಸಿ ಮಾಡಿ, ನೀರು ಬಿಡಿಸುವ ರಾಸಾಯನಿಕದ ಕೆಲವು ಹನಿ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ಸುತ್ತಿಸಿ ನೀರು, ಎಣ್ಣೆ ಬೇರ್ಪಡಿಸುವ ಯಂತ್ರ) ತಿರುಗಿಸಿ. ಬಿಸಿ ಮಾಡದಿದ್ದರೆ ಮಜ್ಜಿಗೆಯಂತೆ ಕದಡಿಕೊಂಡ ನೀರೂ ಎಣ್ಣೆಯ ಲೆಕ್ಕಕ್ಕೆ ಸೇರುತ್ತದೆ. ತಳದಲ್ಲಿ 92 ಮಿಲಿ ನೀರು ನಿಂತರೆ, ದಿನಕ್ಕೆ 1,000 ಬ್ಯಾರಲ್ ದ್ರವ ಎತ್ತುವ ಬಾವಿ ಕೊಡುವ ಎಣ್ಣೆ 80 ಬ್ಯಾರಲ್ ಅಷ್ಟೆ. ಒಂದು ಬ್ಯಾರಲ್ ಎಂದರೆ 159 ಲೀಟರ್.

ಈಗ ಎಣ್ಣೆಯ ದರವನ್ನು, ಅಂದರೆ ದಿನಕ್ಕೆ ಎಷ್ಟು ಬ್ಯಾರಲ್ ಎಂಬುದನ್ನು, ಸೆಮಿಲಾಗ್ ಹಾಳೆಯಲ್ಲಿ ಗುರುತಿಸಿ; ಇದರಲ್ಲಿ ಅಡ್ಡಕ್ಕೆ ಕಾಲ ಸಮ ಅಂತರದಲ್ಲಿ, ಉದ್ದಕ್ಕೆ ದರ 10, 100, 1,000 ಎಂದು ಹತ್ತು ಪಟ್ಟಿನ ಹೆಜ್ಜೆಯಲ್ಲಿ ಇರುತ್ತದೆ. ಬಿಂದುಗಳು ನೇರ ಗೆರೆಯಲ್ಲಿ ಇಳಿದರೆ ಕುಸಿತ ಒಂದೇ ಪ್ರಮಾಣದಲ್ಲಿದೆ ಎಂದರ್ಥ. ಬೇರೊಂದು ಬಾವಿಯ ಉದಾಹರಣೆ: ಕಳೆದ ವರ್ಷ ದಿನಕ್ಕೆ 400 ಬ್ಯಾರಲ್, ಈಗ 360. ಕ್ಯಾಲ್ಕ್ಯುಲೇಟರಿನಲ್ಲಿ 400÷360 ಮಾಡಿ ಎಲ್‌ಎನ್ (ln, ಸ್ವಾಭಾವಿಕ ಲಾಗರಿದಮ್) ಗುಂಡಿ ಒತ್ತಿದರೆ 0.1054; ಇದೇ ವರ್ಷದ ಕುಸಿತದ ದರ. ಶೇ 10 ಇಳಿದಿದೆಯೆಂದು ನೇರವಾಗಿ 0.10 ಹಾಕಬೇಡಿ, ಮುಂದೆ ಬರುವ ಕೊನೆಯ ಉತ್ತರ 60 ಸಾವಿರ ಬ್ಯಾರಲ್ ಉಬ್ಬುತ್ತದೆ.

ವಿದ್ಯುತ್, ರಾಸಾಯನಿಕ, ನೀರು ವಿಲೇವಾರಿಯ ದಿನದ ಖರ್ಚನ್ನು ಒಂದು ಬ್ಯಾರಲ್‌ನಿಂದ ಕೈಗೆ ಸಿಗುವ ಹಣದಿಂದ ಭಾಗಿಸಿದರೆ ನಿಲ್ಲಿಸುವ ಮಿತಿ ಸಿಗುತ್ತದೆ. ಅದು ದಿನಕ್ಕೆ 40 ಬ್ಯಾರಲ್ ಎಂದುಕೊಳ್ಳೋಣ; ಅದಕ್ಕಿಂತ ಕಡಿಮೆ ಬಂದರೆ ನಷ್ಟ. 360ರಲ್ಲಿ 40 ಕಳೆದು, 365ರಿಂದ ಗುಣಿಸಿ, 0.1054ರಿಂದ ಭಾಗಿಸಿ: ಸುಮಾರು 11.08 ಲಕ್ಷ ಬ್ಯಾರಲ್, ಹೆಚ್ಚುಕಡಿಮೆ 21 ವರ್ಷದ ಆಯುಷ್ಯ.

ಆಸಿಡ್ ತೊಳೆತವಾದ (ಬಾವಿಗೆ ಆಮ್ಲ ಹಾಕಿ ಕಟ್ಟಿಕೊಂಡ ದಾರಿ ಬಿಡಿಸಿದ) ಮೇಲೆ ದರ ಏರಿದರೆ ಹಿಗ್ಗಬೇಡಿ. ಹೊಸ ಗೆರೆ ಹಳೆಯದಕ್ಕೆ ಸಮಾನಾಂತರವಾಗಿ ಮೇಲೆಯೇ ಸಾಗಿದರೆ ನಿಕ್ಷೇಪ ಸೇರಿದೆ. ಕಡಿದಾಗಿ ಇಳಿದು ಹಳೆಯ ಗೆರೆಯನ್ನು ದಾಟಿ ಕೆಳಗಿಳಿದರೆ, ನಾಳೆಯ ಎಣ್ಣೆ ಇಂದೇ ಬಂದಿದೆ, ಅಷ್ಟೆ. ಇದೇ ಸೂತ್ರವನ್ನು ನಮ್ಮ ಬೋರ್‌ವೆಲ್‌ಗೆ ಹಚ್ಚಬೇಡಿ, ಕೆರೆ ತುಂಬಿದರೆ ಅಲ್ಲಿ ನೀರು ಮರಳುತ್ತದೆ.

ಬೆಲೆ ಬದಲಾದಾಗಲೆಲ್ಲ ಮಿತಿಯನ್ನು ಮತ್ತೆ ಲೆಕ್ಕ ಹಾಕಿ. ಅದು 40ರಿಂದ 60ಕ್ಕೇರಿದರೆ 69 ಸಾವಿರ ಬ್ಯಾರಲ್ ಲೆಕ್ಕದ ಪುಸ್ತಕದಿಂದ ಹೋಗುತ್ತದೆ; ನೆಲದೊಳಗಿನ ಎಣ್ಣೆಯಲ್ಲಿ ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ.